ಶೀನಣ್ಣನ ಕಣ್ಣು ಮತ್ತು ಬನ್ಸ್ ಎಣ್ಣೆ

ಮದುವೆಯ ವಿಡಿಯೋ ಎಡಿಟ್ ಮಾಡುವವನಿಗೆ ಮನುಷ್ಯರ ಮೇಲೆ ಪ್ರೀತಿ ಉಳಿಯುವುದು ಕಷ್ಟ. ಉಳಿದವರು ಮದುವೆಯನ್ನು ಒಮ್ಮೆ ನೋಡಿ, ಉಂಡು, ಕೈ ತೊಳೆದು ಮನೆಗೆ ಹೋಗುತ್ತಾರೆ. ನಾನು ಅದೇ ಮದುವೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಾ, ಯಾರು ಯಾರ ಸೀರೆ ನೋಡಿ ಮೂತಿ ತಿರುವಿದರು, ಯಾರು ಹೋಳಿಗೆಯನ್ನು ಎಲೆಯ ಅಡಿಗೆ ತಳ್ಳಿದರು ಎಂದು ನೋಡುತ್ತಾ ಕೂರಬೇಕು. ಕುಂದಾಪುರದಿಂದ ಬೈಂದೂರಿನವರೆಗೆ, ಆ ಕಡೆ ಬ್ರಹ್ಮಾವರದವರೆಗೆ ಎಷ್ಟೋ ಮನೆಗಳ ಸೊಸೆಯಂದಿರ ಮುಖ ನನಗೆ ಬಾಯಿಪಾಠ. ಅವರು ಸಂತೆಯಲ್ಲಿ ಎದುರಾದರೆ ನಾನು ಅಭ್ಯಾಸಬಲದಿಂದ ನಗುತ್ತೇನೆ, ಅವರು ಸೆರಗು ಸರಿಮಾಡಿಕೊಂಡು ಬೇಗ ಬೇಗ ನಡೆಯುತ್ತಾರೆ. ಇದನ್ನೂ ಸಹಿಸಬಹುದು. ಸಹಿಸಲಾಗದ್ದು ಲೆನ್ಸಿನ ಮೇಲಿನ ಕಲೆ.

ಕಲೆ ಎಂದರೆ ದೊಡ್ಡದೇನಲ್ಲ, ಒಂದು ಬೆರಳ ತುದಿಯಷ್ಟು ಜಿಡ್ಡು. ಆದರೆ ಅದಕ್ಕೆ ಇರುವ ಹಟ ದೊಡ್ಡದು. ಕ್ಯಾಮೆರಾ ಎತ್ತ ತಿರುಗಿದರೂ ಅದು ಚಿತ್ರದಲ್ಲಿ ತನ್ನ ಜಾಗ ಬಿಡುವುದಿಲ್ಲ. ಅದರ ಅಡಿಗೆ ಯಾರು ಬರುತ್ತಾರೋ ಅವರು ಮಂಜಾಗುತ್ತಾರೆ. ಮೊದಲು ಪುರೋಹಿತರು ಮಂಜಾದರು, ಆಮೇಲೆ ತೆಂಗಿನಕಾಯಿ, ಆಮೇಲೆ ಮದುಮಗನ ಅರ್ಧ ಪೇಟ. ಅವರಾರ ಬಗ್ಗೆಯೂ ನನಗೆ ಚಿಂತೆ ಇರಲಿಲ್ಲ. ಧಾರೆಯ ಹೊತ್ತಿಗೆ ಸರಿಯಾಗಿ ಅದರಡಿಗೆ ಬಂದು ನಿಂತವರು ಶೀನಣ್ಣ.

ಶೀನಣ್ಣ ಮದುಮಗಳ ಸೋದರಮಾವ, ಮುಂಬೈಯಲ್ಲಿ ಹೋಟೆಲ್ ಇಟ್ಟವರು. ಹುಡುಗಿಯ ತಾಯಿ, ಹೆಮ್ಮಾಡಿಯ ಸರೋಜಕ್ಕ, ಅವರ ಒಬ್ಬಳೇ ತಂಗಿ. ಯಾವುದೋ ಹಳೆಯ ಮಾತಿಗೆ ಅಣ್ಣ ತಂಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಹುಡುಗಿಗೆ ತಂದೆ ಇಲ್ಲದ್ದರಿಂದ ಧಾರೆ ಎರೆಯಲು ಅವರೇ ಬೇಕಾಯಿತು. ಬೆಳಿಗ್ಗೆ ಬಂದರು, ಧಾರೆ ಎರೆದರು, ಉಂಡರು, ಸಂಜೆಯ ರೈಲು ಹತ್ತಿದರು. ತಂಗಿಯ ಹತ್ತಿರ ಒಂದು ಮಾತಿಲ್ಲ.

ಕಲೆ ಹೇಗಾಯಿತೆಂದು ಕ್ಯಾಮೆರಾ ಹಿಡಿದ ಗಂಗೊಳ್ಳಿಯ ರಘುವಿನ ಹತ್ತಿರ ಕೇಳುವ ಅಗತ್ಯ ಇರಲಿಲ್ಲ. ಎಲ್ಲ ರೆಕಾರ್ಡ್ ಆಗಿತ್ತು. ಬೆಳಿಗ್ಗೆ ಅವನು ಹೂವಿನ ಚಪ್ಪರದ ವಿಡಿಯೋ ತೆಗೆಯುತ್ತಿರುವಾಗ ಚಿತ್ರದೊಳಗೆ ಒಂದು ಬಳೆ ತೊಟ್ಟ ಕೈ ಬರುತ್ತದೆ, ಕೈಯಲ್ಲಿ ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ ಬಿಸಿ ಬನ್ಸ್. ಹಿಂದಿನಿಂದ ಸರೋಜಕ್ಕನ ಸ್ವರ: "ಹ್ವಾಯ್, ಒಂದ್ ಬನ್ಸ್ ತಿನ್ನಿ ಮಾರಾಯ್ರೆ. ಹಸ್ಕಂಡ್ ಎಂತ ವಿಡಿಯೋ ತೆಗುದ್?" ನಮ್ಮ ಕಡೆ ಮದುವೆಮನೆಯಲ್ಲಿ ಕೊಟ್ಟದ್ದನ್ನು ಬೇಡ ಎನ್ನುವುದು ಜಗಳಕ್ಕೆ ಕರೆದ ಹಾಗೆ. ರಘು ತಿಂದ. ಇನ್ನೊಂದು ಕೊಟ್ಟರು, ಅದನ್ನೂ ತಿಂದ. ಆಮೇಲೆ ಎಣ್ಣೆಯ ಬೆರಳಿನಲ್ಲೇ ಲೆನ್ಸಿನ ಮೇಲೆ ಬಿದ್ದ ಹೂವಿನ ಎಸಳು ತೆಗೆದ. ಬೈದರೆ ಅವನು ಹೇಳಿದ್ದು ಇಷ್ಟೇ: "ಅದ್ಕೇ ಅಲ್ದಾ ನಿಮ್ಮ್ ಕಂಪ್ಯೂಟರ್ ಇಪ್ಪುದ್?"

ಸರೋಜಕ್ಕನಿಗೆ ತಡೆಯಲಾಗಲಿಲ್ಲ. ವಿಡಿಯೋ ಸಿದ್ಧವಾಗುವ ಮೊದಲೇ ಸ್ಟುಡಿಯೋಗೆ ಬಂದು ನನ್ನ ಬೆನ್ನ ಹಿಂದೆ ಕೂತರು. ಮಗಳು ಬೇಡ, ಅಳಿಯ ಬೇಡ, ಧಾರೆ ಹೊತ್ತಿನ ಅಣ್ಣನನ್ನು ತೋರಿಸಬೇಕು. ತೋರಿಸಿದೆ. ದೀಪದ ಬೆಳಕು ಎಣ್ಣೆಯ ಮೇಲೆ ಬಿದ್ದು ಶೀನಣ್ಣನ ಎರಡೂ ಕಣ್ಣು ಮಿರಿಮಿರಿ ಹೊಳೆಯುತ್ತಿದ್ದವು.

"ಕಾಣಿ, ಕಾಣಿ! ಅಣ್ಣನ್ ಕಣ್ಣಂಗೆ ನೀರ್!" ಎಂದರು ಸರೋಜಕ್ಕ.

"ಅದು ನೀರಲ್ಲ ಅಕ್ಕ, ಎಣ್ಣಿ. ನೀವ್ ಕೊಟ್ಟ ಬನ್ಸಿಂದೇ."

"ನಿಮ್ಗೆ ಎಲ್ಲದ್ರಂಗೂ ಎಣ್ಣಿಯೇ ಕಾಂಬುದ್. ಅವ ನನ್ನ್ ಅಣ್ಣ, ನಂಗ್ ಗೊತ್ತಿಲ್ಯಾ?" ಎಂದು ಆ ತುಣುಕನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡು ಹೋದರು. ಹೋಗುವಾಗ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನನಗೆ ಸಂಕಟವಾಯಿತು. ಅಣ್ಣನಿಗೆ ಇನ್ನೂ ತನ್ನ ಮೇಲೆ ಮನಸ್ಸಿದೆಯೋ ಇಲ್ಲವೋ ಎಂಬುದನ್ನು ಆ ಹೆಂಗಸು ಒಂದು ಎಣ್ಣೆ ಕಲೆಯಲ್ಲಿ ಹುಡುಕುತ್ತಿದ್ದರು.

ಆದರೂ ಕಸುಬು ಕಸುಬೇ. ಕಲೆ ಬಿಟ್ಟರೆ ನಾಳೆ ಊರೆಲ್ಲ ನನ್ನನ್ನೇ ಆಡಿಕೊಳ್ಳುತ್ತದೆ. ಕೂತೆ. ಮಂಜನ್ನು ಸ್ವಲ್ಪ ಇಳಿಸಿದೆ, ಬಣ್ಣ ಸ್ವಲ್ಪ ಏರಿಸಿದೆ. ಶೀನಣ್ಣ ಮನುಷ್ಯನ ಬಣ್ಣದಿಂದ ಹುಣಸೆಹಣ್ಣಿನ ಬಣ್ಣಕ್ಕೆ ಹೋದರು, ಮತ್ತೆ ವಾಪಸ್ ತಂದೆ. ಕಣ್ಣು ಮಾತ್ರ ಸಿಗಲಿಲ್ಲ. ಎಣ್ಣೆ ನುಂಗಿದ್ದನ್ನು ಯಾವ ಸಾಫ್ಟ್‌ವೇರೂ ಕಕ್ಕಿಸುವುದಿಲ್ಲ. ಕೊನೆಗೆ ಕಳ್ಳದಾರಿ ಹಿಡಿದೆ. ಧಾರೆಗೆ ಸ್ವಲ್ಪ ಮೊದಲು ಶೀನಣ್ಣ ಕಲೆಯಿಂದ ಹೊರಗೆ ನಿಂತು ಯಾರನ್ನೋ ನೋಡುತ್ತಿದ್ದರು. ಆ ಕಣ್ಣುಗಳನ್ನು ಕತ್ತರಿಸಿ ತಂದು ಈ ಮುಖಕ್ಕೆ ಅಂಟಿಸಿದೆ. ವಿಡಿಯೋದ ಒಂದೊಂದು ಫ್ರೇಮಿಗೂ ಬೇರೆ ಬೇರೆಯಾಗಿ. ಕತ್ತು ಹಿಡಿಯಿತು, ಚಹಾ ಆರಿತು, ಹೆಂಡತಿ ಫೋನಿನಲ್ಲಿ, ಮಲಗಲು ಮನೆಗೆ ಬರುವುದೇ ಬೇಡ, "ಅಲ್ಲೇ ಮನಿಕಣಿ" ಎಂದಳು. ಆದರೆ ಮುಗಿದಾಗ ಅಂಟಿಸಿದ್ದೆಂದು ನನಗೇ ಗೊತ್ತಾಗಲಿಲ್ಲ. ಸ್ವಚ್ಛ, ಒಣಗಿದ, ಯಾರಿಗೂ ಏನೂ ಹೇಳದ ಎರಡು ಕಣ್ಣು. ಇಷ್ಟು ವರ್ಷದಲ್ಲಿ ಇಂಥ ಕೆಲಸ ಮಾಡಿರಲಿಲ್ಲ.

ಅಷ್ಟರಲ್ಲಿ ಫೋನು. ಮುಂಬೈಯಿಂದ ಶೀನಣ್ಣ. ತಂಗಿ ಮಾತಿಲ್ಲದೆ ಬರೀ ಆ ತುಣುಕನ್ನು ಅವರಿಗೆ ಕಳುಹಿಸಿದ್ದರಂತೆ.

"ಸ್ಟುಡಿಯೋದವ್ರಾ? ಆ ಧಾರೆ ವಿಡಿಯೋದಂಗೆ ನಾನ್ ಮರ್ಕುದ್ ಕಾಣ್ತಲೆ ಮಾರಾಯ್ರೆ, ಅಳುದ್ ಅಷ್ಟ್ ಸ್ಪಷ್ಟ ಕಾಣ್ತ್!"

"ಅದು ಲೆನ್ಸಿನ..." ಎಂದೆ.

"ಹೋಮದ್ ಹೊಗಿ ತಾಗಿದ್ದ್, ಮತ್ತೆಂತ ಇಲ್ಲೆ," ಎಂದರು. ನಾನು ಕೇಳಿಯೇ ಇರಲಿಲ್ಲ. ಆಮೇಲೆ, "ಧಾರೆ ಹೊತ್ತಿಗೆ ತಂಗಿ ಪಕ್ಕದಲ್ಲ್ ಬಂದ್ ನಿಂತ್ಳ್, ನಮ್ಮ್ ಅಮ್ಮನ್ ಹಾಂಗೇ ಕಂಡ್ಳ್" ಎಂದರು. ಮತ್ತೆ ವಿಡಿಯೋದ ಮಾತಿಗೇ ಬಂದರು. "ಹೋಟ್ಲಂಗೆ ಹುಡ್ಗ್ರ್ ಕಂಡ್ರೆ ನಗಾಡ್ತೊ. ಅದೊಂಚೂರ್ ತೆಗುಕಾತ್ತಾ?"

ನನ್ನೆದುರಿನ ಪರದೆಯಲ್ಲಿ ಅವರು ಕೇಳಿದ್ದೇ ಸಿದ್ಧವಾಗಿ ಕೂತಿತ್ತು. ಒಂದು ಗುಂಡಿ ಒತ್ತಿದರೆ ಅವರ ಕಣ್ಣೀರು ಹುಟ್ಟಿಯೇ ಇಲ್ಲ.

"ಇಲ್ಲ ಅಣ್ಣ, ಅದನ್ನ ತೆಗುಕಾತಿಲ್ಲೆ," ಎಂದೆ.

"ಹಾಂಗಾರೆ ಇರ್ಲಿ ಬಿಡಿ," ಎಂದರು ಶೀನಣ್ಣ. ಆ ಸ್ವರದಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ. "ತಂಗಿಗೆ ಒಂದ್ ಫೋನ್ ಮಾಡ್ತೆ."

ಫೋನಿಟ್ಟು, ಆ ಒಣ ಕಣ್ಣುಗಳನ್ನೆಲ್ಲ ಅಳಿಸಿ, ಬನ್ಸ್ ಎಣ್ಣೆಯನ್ನು ಇದ್ದಲ್ಲಿಯೇ ಬಿಟ್ಟೆ. ಈ ಕಸುಬಿನಲ್ಲಿ ಸತ್ಯವಾಗಿಯೂ ಆಗದ ಎಷ್ಟೋ ಕೆಲಸಗಳನ್ನು ಆಗುವುದಿಲ್ಲ ಎಂದಿದ್ದೇನೆ, ಒಬ್ಬರೂ ನಂಬಿದವರಿಲ್ಲ. ಮೊದಲ ಸಲ ಸುಳ್ಳು ಹೇಳಿದೆ, ಮರುಮಾತಿಲ್ಲದೆ ನಂಬಿದರು. ಅದೊಂದು ಸ್ವಲ್ಪ ಬೇಜಾರಾಯಿತು.