ಬ್ಯಾಟರಿಗೆ ಎಳನೀರು ಕುಡಿಸಿದ್ದು

ಅಂದು ಸಂಜೆ ಹರವೆಯ ಪಂಚಾಯಿತಿ ಚಾವಡಿಯ ಮುಂದೆ ಊರಿಗೆ ಊರೇ ಸೇರಿತ್ತು. ಮುಂದಿನ ಸಾಲಿನಲ್ಲಿ, ಚಾಪೆಯ ಮೇಲೆ, ಮಡಿಕೆ ಬಿಚ್ಚಿದ ಹೊಸ ಸೀರೆಯುಟ್ಟು ನನ್ನ ಸೋದರತ್ತೆ ಪುಟ್ಟಮಾದಮ್ಮ. ಅವಳ ಪಕ್ಕದಲ್ಲಿ ನನ್ನ ಹೆಂಡತಿ ಗೌರಮ್ಮ. ಚಾವಡಿಯ ಒಂದೇ ಒಂದು ಕುರ್ಚಿಯಲ್ಲಿ ಪಂಚಾಯಿತಿ ಚೇರ್ಮನ್ನರಾದ ಸಿದ್ದಪ್ಪನವರು. ಜಗಲಿಯ ಮೇಲೆ ಸರ್ಕಾರ ಕೊಟ್ಟ ರೇಡಿಯೋ. ಅದರ ಪಕ್ಕದಲ್ಲಿ, ಹಸೆಮಣೆಯ ಮೇಲೆ ಕೂತ ಮದುಮಗನ ಹಾಗೆ, ನಾನು!

ವಿಷಯ ಇಷ್ಟೇ. ಗುಂಡ್ಲುಪೇಟೆಗೆ ಬಂದಿದ್ದ ರೇಡಿಯೋದವರು ಅತ್ತೆಯ ಸೋಬಾನೆ ಪದವನ್ನು ಯಂತ್ರದಲ್ಲಿ ಹಿಡಿದುಕೊಂಡು ಮೈಸೂರಿಗೆ ಹೋಗಿದ್ದರು. ಆ ಸಂಜೆ ಅದು ರೇಡಿಯೋದಲ್ಲಿ ಬರುವುದಿತ್ತು. ಸುತ್ತಲ ಹಳ್ಳಿಗಳ ಎಷ್ಟೋ ಮದುವೆಗಳಲ್ಲಿ ಹಾಡಿದ ಅತ್ತೆಗೆ ಒಂದೇ ಆಸೆ: ತನ್ನ ದನಿ ಬೇರೆಯವರ ಕಿವಿಗೆ ಹೇಗೆ ಬೀಳುತ್ತದೆಂದು ತಾನೂ ಒಮ್ಮೆ ಕೇಳಬೇಕು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ರೇಡಿಯೋ ಮಾತಾಡಬೇಕಾದರೆ ಬ್ಯಾಟರಿ ಬೇಕು. ಬ್ಯಾಟರಿಯ ಸಕಲ ಜವಾಬ್ದಾರಿ ನನ್ನದು. ಯಾಕೆಂದರೆ ಟಾರ್ಚಿಗೆ ಸೆಲ್ಲುಗಳನ್ನು ತಲೆಕೆಳಗು ಮಾಡದೆ ಹಾಕಲು ಊರಿನಲ್ಲಿ ನನಗೊಬ್ಬನಿಗೇ ಬರುತ್ತಿತ್ತು.

ಬ್ಯಾಟರಿಯನ್ನು ಆರಿಸಿದವನೂ ನಾನೇ. ಅದಕ್ಕೆಂದು ಪಂಚಾಯಿತಿಯವರು ನನ್ನನ್ನು ಚಾಮರಾಜನಗರಕ್ಕೆ ಕಳಿಸಿದ್ದರು. ಅಲ್ಲಿನ ಅಂಗಡಿಯಲ್ಲಿ ಎರಡು ಬಗೆಯವು ಇದ್ದವು. ಒಂದು ಕಪ್ಪಗೆ, ಒಡ್ಡೊಡ್ಡಾಗಿ, ರುಬ್ಬುಗುಂಡಿನಷ್ಟು ಭಾರ. ಇನ್ನೊಂದು ಹಗುರ, ಲಕಲಕ ಹೊಳೆಯುತ್ತಿತ್ತು, ಲಾರಿಗೆ ಹಾಕುವಂಥದ್ದು. ಅಂಗಡಿಯವರು ಭಾರದ್ದನ್ನೇ ಒಯ್ಯಿರಿ ಎಂದರು. ಅದರೊಳಗಿನ ತಗಡು ದಪ್ಪವಂತೆ, ದಿನವೂ ನಿಧಾನವಾಗಿ ಗಂಟೆಗಟ್ಟಲೆ ಕರೆಂಟು ಕೊಡುತ್ತದಂತೆ. ಲಾರಿಯದು ಇಂಜಿನ್ನನ್ನು ಒಂದೇ ಏಟಿಗೆ ಎಬ್ಬಿಸಲು ಮಾತ್ರವಂತೆ, ಪೂರ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದಂತೆ.

ನಾನು ನಕ್ಕೆ. ಊಟಿ ಘಾಟಿಯನ್ನು ಹತ್ತುವ ಲಾರಿಯನ್ನೇ ಎಬ್ಬಿಸುವ ಬ್ಯಾಟರಿಗೆ, ಕೂತಲ್ಲೇ ಕೂತು ಮಾತಾಡುವ ರೇಡಿಯೋ ಒಂದು ಲೆಕ್ಕವೇ? ಹೊಳೆಯುವುದನ್ನೇ ಹೊತ್ತು ತಂದೆ. ಊರು ಮೆಚ್ಚಿತು.

ಇನ್ನು ಪಾಲನೆ. ನಮ್ಮ ಹಿರಿಯರು ಹೇಳಿಲ್ಲವೇ, ಹಸಿವಾಗದೆ ಉಣ್ಣಬಾರದು ಎಂದು? ರೇಡಿಯೋದ ದನಿ ಸಣ್ಣಗಾದಾಗ ಸಿದ್ದಪ್ಪನವರು, ಚಾರ್ಜಿಗೆ ತಗೊಂಡೋಗಪ್ಪ ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ಅರೆಹಸಿವಿನಲ್ಲಿ ತಿನ್ನಿಸಿದರೆ ಅಜೀರ್ಣವಾಗದೆ? ಅದು ಪೂರಾ ಬಾಯಿ ಮುಚ್ಚಿದ ಮೇಲೆಯೇ, ಚೆನ್ನಾಗಿ ಹಸಿದಿದೆ ಎಂದು ಸಮಾಧಾನಪಟ್ಟುಕೊಂಡು ಚಾಮರಾಜನಗರದ ಬಸ್ಸಿಗೆ ಏರಿಸುತ್ತಿದ್ದೆ. ವಿಚಿತ್ರವೆಂದರೆ, ಪ್ರತಿ ಸಲ ಉಣ್ಣಿಸಿ ತಂದಾಗಲೂ ಅದು ಮೊದಲಿಗಿಂತ ಬೇಗ ಹಸಿಯುತ್ತಿತ್ತು. ಬೆಳೆಯುವ ವಯಸ್ಸು ಎಂದುಕೊಂಡೆ!

ಅತ್ತೆಯ ಹಾಡಿನ ಹಿಂದಿನ ದಿನ ಕೊನೆಯ ಬಾರಿ ಚಾರ್ಜು ಮಾಡಿಸಿ ತಂದೆ. ಬಸ್ಸಿನ ಟಾಪಿನ ಮೇಲೆ ಬಿಸಿಲಲ್ಲಿ ಬಂದ ಬ್ಯಾಟರಿಯನ್ನು ಮುಟ್ಟಿ ನೋಡಿದರೆ ಮೈ ಸುಡುತ್ತಿದೆ. ಬಿರಡೆ ತೆಗೆದು ನೋಡಿದರೆ ಒಳಗೆ ನೀರೂ ಇಳಿದಿದೆ. ನನಗೆ ರೋಗ ತಿಳಿದುಹೋಯಿತು. ಉಷ್ಣ! ನೀರು ಕಡಿಮೆಯಾದರೆ ಬಾವಿ ನೀರು ಹಾಕಬೇಡಿ, ನೆಲದ ನೀರಿನಲ್ಲಿ ಉಪ್ಪಿರುತ್ತದೆ, ನನ್ನ ಹತ್ತಿರವೇ ತನ್ನಿ ಎಂದು ಅಂಗಡಿಯವರು ಹೇಳಿದ್ದರು. ಮತ್ತೆ ಚಾಮರಾಜನಗರಕ್ಕೆ ಹೋಗುವಷ್ಟು ಹೊತ್ತಿಲ್ಲ. ನೆಲ ಮುಟ್ಟದ ನೀರು, ಅದೂ ತಂಪು ಮಾಡುವ ನೀರು, ಯಾವುದಿದೆ? ಹಿತ್ತಿಲ ತೆಂಗಿನ ಮರ ಕಣ್ಣೆದುರೇ ನಿಂತಿತ್ತು.

ನಾನು ಒಂದೊಂದು ತೂತಿಗೂ ಸಣ್ಣ ಧಾರೆಯಲ್ಲಿ ಎಳನೀರು ಬಿಡುತ್ತಿರುವುದನ್ನು ಗೌರಮ್ಮ ಮೊರ ಹಿಡಿದುಕೊಂಡೇ ನಿಂತು ನೋಡಿದಳು.

"ಜ್ವರ ಬಂದೋರ್ಗೆ ಕುಡ್ಸದಂಗೆ ಕುಡುಸ್ತಾ ಇದ್ದೀರಲ್ಲ, ಅದೇನು ನರಮನುಸ್ನಾ?"

"ತಂಪಾಗ್ಲಿ ಅಂತ ಕಣೆ. ನಿಂಗೆ ಗೊತ್ತಾಗಕ್ಕಿಲ್ಲ."

"ಗೊತ್ತಾಗಕ್ಕಿಲ್ಲ ಬುಡಿ. ಮಿಕ್ಕಿದ್ರೆ ನಂಗೊಂದು ಲೋಟ ಕೊಡಿ."

ಮಿಕ್ಕಿದ್ದನ್ನು ಅವಳು ಕುಡಿದಳು. ಅವಳಿಗೇನೂ ಆಗಲಿಲ್ಲ.

ಮರುದಿನ ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬ್ಯಾಟರಿ ಸರಿಯಿದೆಯೋ ಇಲ್ಲವೋ? ಚಾವಡಿಗೆ ಹೋದೆ. ರೇಡಿಯೋ ಹಾಕಿದೆ. ಕೊರಕೊರ ಎಂದು ಮಾತಾಡಿತು. ಆರಿಸಿ ಮನೆಗೆ ಬಂದೆ. ಮುದ್ದೆ ಮುರಿಯುವಾಗ ಮತ್ತೆ ಅನುಮಾನ. ಆಗ ಸರಿಯಿತ್ತು, ಈಗ? ಕೈ ತೊಳೆದು ಓಡಿದೆ. ಮಾತಾಡಿತು. ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತದೆಯೇ ಎಂದು ಕೂತು ಕೇಳಿದೆ. ಮಳೆ ಸಮಾಚಾರ, ಅಡಿಕೆ ಧಾರಣೆ, ಯಾರದೋ ಪಿಟೀಲು, ಎಲ್ಲ ಕೇಳಿದೆ. ಮಧ್ಯಾಹ್ನ ಮತ್ತೆ ಹೋದಾಗ ದನಿ ಚೂರು ಇಳಿದಂತಿತ್ತು. ಗಾಬರಿಯಾಗಿ, ನಿಜವಾಗಿಯೂ ಇಳಿದಿದೆಯೇ ಎಂದು ಖಚಿತ ಮಾಡಿಕೊಳ್ಳಲು ಬಹಳ ಹೊತ್ತು ಹಾಕಿಯೇ ಇಟ್ಟೆ. ಇಳಿದಿದ್ದು ಖಚಿತವಾಯಿತು!

ಸಂಜೆ ಜನರೆಲ್ಲ ಸೇರಿದ ಮೇಲೆ ಗುಂಡಿ ತಿರುಗಿಸಿದೆ. ಬಂತು. ಸಣ್ಣಗೆ, ಬಾವಿಯ ತಳದಿಂದ ಯಾರೋ ಕರೆದಂತೆ ಬಂತು. ಜನ ಮುಂದಕ್ಕೆ ಬಾಗಿದರು. ಈಗ ಸೋಬಾನೆ ಪದ, ಹಾಡುವವರು ಹರವೆಯ ಶ್ರೀಮತಿ, ಎಂದಿತು ರೇಡಿಯೋ.

ಅಷ್ಟೇ. ಅಲ್ಲಿಗೆ ಅದರ ಪ್ರಾಣ ಹೋಯಿತು.

ತಟ್ಟಿದೆ. ತಂತಿ ಕಿತ್ತು ಸಿಕ್ಕಿಸಿದೆ. ಬ್ಯಾಟರಿಯನ್ನು ಮಗುವಿನಂತೆ ಎತ್ತಿ ಅಲ್ಲಾಡಿಸಿದೆ. ಒಳಗಿದ್ದ ಆಸಿಡ್ಡು ಚೆಲ್ಲಿ ನನ್ನ ಪಂಚೆಯ ಮೇಲೆ ಬಿತ್ತು. ನೋಡನೋಡುತ್ತಿದ್ದಂತೆ ಅಲ್ಲಿ ಬಟ್ಟೆ ಹೋಗಿ ತೊಡೆ ಕಾಣಿಸಿತು, ತೊಡೆಯೂ ಉರಿಯತೊಡಗಿತು. ಸಿದ್ದಪ್ಪನವರು ಒಂದು ಕೊಡ ನೀರು ತರಿಸಿ ಊರ ಮುಂದೆ ನನ್ನ ಮೇಲೆ ಸುರಿಸಿದರು. ನೆಲದ ನೀರೇ.

ಯಾರೂ ನಗಲಿಲ್ಲ. ಎಲ್ಲರೂ ಅತ್ತೆಯ ಮುಖ ನೋಡುತ್ತಿದ್ದರು. ಅತ್ತೆ ಸತ್ತ ರೇಡಿಯೋವನ್ನೇ ನೋಡುತ್ತಿದ್ದಳು.

"ಇದೂ ನಿಮ್ಮಾವನಂಗೇ ಕಣ್ಲಾ. ನನ್ನೆಸ್ರು ಏಳಾ ಒತ್ಗೆ ಸರ್ಯಾಗಿ ಬಾಯಿ ಮುಚ್ಕಬುಡ್ತು."

ಹೆಂಡತಿಯ ಹೆಸರನ್ನು ಬಾಯಲ್ಲಿ ಹೇಳದೆ ಬಾಳಿದ ನಮ್ಮ ಮಾವ ನೆನಪಾಗಿ ಹೆಂಗಸರೆಲ್ಲ ನಕ್ಕುಬಿಟ್ಟರು. ಹಾಗಾದರೆ ನೀನೇ ಹಾಡಿಬಿಡು ತಾಯಿ, ಎಂದರು ಸಿದ್ದಪ್ಪನವರು. ಅತ್ತೆ ಎದ್ದು ಸೀರೆ ಕೊಡವಿಕೊಂಡಳು.

"ಆಡಕ್ಕಾದ್ರೆ ನಮ್ಮನೇಲೇ ಆಡ್ತಿದ್ನಲ್ಲ. ನಾನು ಬಂದಿದ್ದು ಕೇಳಕ್ಕೆ."

ಆ ಮಾತು ಆಸಿಡ್ಡಿಗಿಂತ ಹೆಚ್ಚು ಉರಿಯಿತು.

ಮರುದಿನ ಚಾಮರಾಜನಗರದ ಅಂಗಡಿಯವರು ಬಿರಡೆ ತೆಗೆದು, ಮೂಸಿ, ನನ್ನನ್ನು ನೋಡಿದರು. ನಾನು ಬೀದಿಯ ಕಡೆ ನೋಡಿದೆ. ರುಬ್ಬುಗುಂಡಿನಂಥ ಬ್ಯಾಟರಿಯನ್ನು ಹೊತ್ತು ತಂದು ಚಾವಡಿಯಲ್ಲಿಟ್ಟೆ. ಅದರ ಜವಾಬ್ದಾರಿಯನ್ನು ಪಂಚಾಯಿತಿಯವರು ಬೇರೊಬ್ಬರಿಗೆ ಕೊಟ್ಟರು. ಹೊರುವ ಕೆಲಸ ಮಾತ್ರ ನನಗೇ ಉಳಿಯಿತು.

ಕೆಲವು ತಿಂಗಳಾದ ಮೇಲೆ ಅದೇ ಪದವನ್ನು ಮತ್ತೊಮ್ಮೆ ಹಾಕುತ್ತಾರೆಂದು ಸುದ್ದಿ ಬಂತು. ಅತ್ತೆ ಚಾವಡಿಯನ್ನು ನಂಬಲಿಲ್ಲ. ಗುಂಡ್ಲುಪೇಟೆಯ ಹೋಟೆಲೊಂದರಲ್ಲಿ ಕರೆಂಟಿನ ರೇಡಿಯೋ ಇತ್ತು. ಗೌರಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದಳು. ನಾನೂ ಮೆಟ್ಟಿಲಿಗೆ ಕಾಲಿಟ್ಟೆ.

"ನೀನು ಮುಂದಿನ್ ಬಸ್ಗೆ ಬಾ, ಮಗ," ಎಂದಳು ಅತ್ತೆ.

ಮುಂದಿನ ಬಸ್ಸಿಗೆ ಹೋದೆ. ನಾನು ಹೋಟೆಲು ಸೇರುವ ಹೊತ್ತಿಗೆ ಹಾಡು ಮುಗಿದಿತ್ತು. ಇಬ್ಬರೂ ಕಾಫಿ ಕುಡಿಯುತ್ತಿದ್ದರು.