ಮೊಣಕಾಲೆಣ್ಣೆಯ ಮೂಲ ಹುಡುಕಿ ಹೋದದ್ದು

ಬಸವಕಲ್ಯಾಣದಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡವನಿಗೆ ನಗೆ ಹುಡುಕಿಕೊಂಡು ಹೋಗುವ ಕೆಲಸವಿಲ್ಲ, ಗಿರಾಕಿಗಳೇ ತಂದುಕೊಡುತ್ತಾರೆ. ನಗೆಪಾಟಲಾಗುವವನು ಮಾತ್ರ ಪ್ರತಿಸಲವೂ ನಾನೇ.

ಊರಿಗೆಲ್ಲ ಒಂದೇ ಡಬ್ಬಿ

ಅರ್ಜಿ ತುಂಬುವಾಗ "ಮೇಲ್ ಐಡಿ ಏನ್ರಿ?" ಎಂದರೆ ಸಿಗುವ ಉತ್ತರ ಒಂದೇ: "ನಿಮ್ದೇ ಬರೀರಿ. ನಿಮ್ದು ಬ್ಯಾರೆ, ನಮ್ದು ಬ್ಯಾರೆ ಅದ ಏನ್ರಿ?" ಇಷ್ಟು ಪ್ರೀತಿಗೆ ಇಲ್ಲ ಎನ್ನಲಾದೀತೇ? ಹೀಗೆ ಅರ್ಧ ತಾಲೂಕು ನನ್ನ ಮೇಲ್ ಡಬ್ಬಿಯಲ್ಲಿ ಬಿಡಾರ ಹೂಡಿತು. ವಿಧುರನೊಬ್ಬ ಕನ್ಯೆ ಹುಡುಕಲು ಹಾಕಿದ ಅರ್ಜಿಗೂ ನನ್ನದೇ ಐಡಿ. ಕನ್ಯೆಯರ ಫೋಟೋ ಬಂದಾಗ ಫೋನು ಹೆಂಡತಿಯ ಕೈಯಲ್ಲಿತ್ತು.

"ಅದು ಗಿರಾಕಿದು" ಎಂದೆ.

"ಹೌದಾ? ಹಾಂಗಂದ್ರ ಇವತ್ತ ಊಟಾನೂ ಆ ಗಿರಾಕಿ ಮನ್ಯಾಗೇ ಮಾಡ್ರಿ."

ಪತ್ರ ಬರಲಿಲ್ಲ, ಎಣ್ಣೆ ಬಂತು

ಆಮೇಲೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಶುರುವಾಯಿತು. ಬಂದರೆ ಒಂದೇ ಪತ್ರ ನಲವತ್ತು ಸಲ. ಬೆಳಿಗ್ಗೆ ಅಳಿಸಿದರೆ ಮಧ್ಯಾಹ್ನ ಮತ್ತೆ ಅಷ್ಟೇ. ಅದೇ ವಾರ ಪಕ್ಕದ ಕೊಹಿನೂರು ಹಳ್ಳಿಯ ಹುಡುಗಿಯೊಬ್ಬಳಿಗೆ ಆಸ್ಪತ್ರೆಯಿಂದ ನರ್ಸ್ ಕೆಲಸದ ಸಂದರ್ಶನಕ್ಕೆ ಕರೆ ಬರಬೇಕಿತ್ತು, ನನ್ನ ಡಬ್ಬಿಗೇ. ಎಣ್ಣೆ ಅಳಿಸುವ ಭರದಲ್ಲಿ ಅವಳ ಪತ್ರವನ್ನೂ ಅಳಿಸಿಬಿಟ್ಟೆನೋ ಎಂದು ನನಗೆ ದಿಗಿಲು.

"ಅಣ್ಣಾ, ಪತ್ರ ಬಂತೇನ್ರಿ?"

"ಇಲ್ಲವ್ವಾ, ಎಣ್ಣಿ ಬಂದದ."

"ಕೆಲಸ ಹೋಯ್ತಂದ್ರ ಅದನ್ನ ನಿಮ್ಮ ತಲಿಗೇ ತಿಕ್ತೀನ್ರಿ."

ಕಳ್ಳನ ಪರದೆ

ಜಾಹೀರಾತಿನ ಅಡಿಯಲ್ಲಿ ವೆಬ್‌ಸೈಟಿನ ಹೆಸರಿತ್ತು. ಅದನ್ನು ಯಾರು ನೋಂದಾಯಿಸಿದ್ದಾರೆಂದು ಯಾರು ಬೇಕಾದರೂ ನೋಡಬಹುದಾದ ದಾಖಲೆಯುಂಟು. ತೆರೆದೆ. ಹೆಸರು: ಗೌಪ್ಯತೆಗಾಗಿ ಮುಚ್ಚಿದೆ. ವಿಳಾಸ: ಅದೂ ಮುಚ್ಚಿದೆ. ನಮ್ಮ ಫೋನ್ ನಂಬರು ಕಂಡಕಂಡವರ ಬಳಿ ಇರಬೇಕು, ಕಾಡುವವನಿಗೆ ಮಾತ್ರ ಪರದೆ! ಸಿಟ್ಟು ನೆತ್ತಿಗೇರಿತು. ಎಣ್ಣೆ ಕಂಪನಿಯ ಹೆಸರು ಹಿಡಿದು ಸರ್ಕಾರದ ಕಂಪನಿ ದಾಖಲೆ ಜಾಲಾಡಿದೆ. ಪರದೇಶದಲ್ಲಿದ್ದಾನೆಂದುಕೊಂಡ ಕಳ್ಳ ಹುಮನಾಬಾದಿನ ಮಾಣಿಕನಗರದಲ್ಲಿದ್ದ.

ನಾನು ಅಲ್ಲಿಗೆ ಹೊರಟರೆ ಹುಡುಗಿಯೂ ಜೊತೆಗೆ ಹೊರಟಳು. "ನೀವು ಒಬ್ರೇ ಹೋದ್ರ ಎಣ್ಣಿ ಕೊಂಡು ಬರ್ತೀರಿ."

ಗಮನ

ಎಣ್ಣೆ ಅಂಗಡಿ ಸಣ್ಣದು, ಅದರ ಮಾಲೀಕ ಸಾವಕಾರರ ನಗು ದೊಡ್ಡದು. ಬೈಯುವ ಮೊದಲೇ ಚಹಾ ಬಂತು. ಕುಡಿದೇ ಬೈದೆ: "ನನ್ನ ಐಡಿ ಎಲ್ಲಿಂದ ಕದ್ರಿ?"

"ಕದಿಯೋದು ಯಾಕ್ರಿ?" ಸಾವಕಾರರು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಮೊಣಕಾಲು ತಪಾಸಣೆ ಶಿಬಿರಕ್ಕೆ ಬರುವವರ ಪಟ್ಟಿ. ನಾನೇ ತಯಾರಿಸಿ, ಸೀಲು ಶಿಕ್ಕಾ ಹೊಡೆದು, ನನ್ನ ಸೆಂಟರಿನ ಶಟರಿಗೆ ಅಂಟಿಸಿದ್ದು. ಹೆಸರು ನಲವತ್ತು, ಎಲ್ಲರ ಮುಂದೂ ನನ್ನದೇ ಐಡಿ.

"ಮ್ಯಾಲೆ ‘ಸಾರ್ವಜನಿಕರ ಗಮನಕ್ಕೆ’ ಅಂತ ನೀವೇ ಬರ್ದೀರಿ. ನಾನು ಗಮನ ಕೊಟ್ಟೀನ್ರಿ."

ಹುಡುಗಿ ನನ್ನನ್ನು ನೋಡಿದ ನೋಟಕ್ಕೆ ನಾನು ಖಾಲಿ ಚಹಾ ಲೋಟದೊಳಗೇ ಇಣುಕಿದೆ. ಅಲ್ಲೇ ಕೂತು ಅವಳು ತನ್ನದೇ ಒಂದು ಐಡಿ ಮಾಡಿಕೊಂಡಳು. ಆಸ್ಪತ್ರೆಗೆ ಫೋನು ಹಚ್ಚಿ, ಅದನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ಫೋನು ಟಣ್ ಎಂದಿತು. ಸಂದರ್ಶನ ಸೋಮವಾರ! ಅವಳಿಗಿಂತ ಮೊದಲು ನನ್ನ ಕಣ್ಣಲ್ಲೇ ನೀರು ಬಂತು.

ಮತ್ತೆ ಟಣ್.

"ನೋಡವ್ವಾ, ಆಸ್ಪತ್ರಿಯವರು ಇನ್ನೂ ಏನೋ ಹೇಳ್ಯಾರ" ಎಂದೆ.

ತೆರೆದಳು. ‘ಮೊಣಕಾಲು ನೋವೇ? ಚಿಂತೆ ಬಿಡಿ!’

ಸಾವಕಾರರು ಫೋನು ಕೆಳಗಿಟ್ಟು ಕೈಮುಗಿದರು. "ಅಷ್ಟು ಜೋರಲೆ ಹೇಳಿದ್ರಲ್ಲವ್ವಾ, ಗಮನ ಕೊಟ್ಟೆ."