ಹಾಲೆಂಡಿನ ಜಾತಕ ಬರೆದದ್ದು

ಹಾಲೆಂಡ್ ಶ್ರೀಮಂತ ದೇಶ ಅಂತ ಪುಸ್ತಕದಲ್ಲಿ ಓದಿದವರಿಗೆ ಏನೂ ತೊಂದರೆಯಿಲ್ಲ. ಅಲ್ಲೇ ಇದ್ದುಕೊಂಡು ಅದನ್ನ ನಮ್ಮೂರಿನವರಿಗೆ ನಂಬಿಸೋಕೆ ಹೊರಟವನಿಗೆ ಮಾತ್ರ ದಿನಕ್ಕೊಂದು ಫಜೀತಿ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಅಂತ ಜಗತ್ತೇ ಹೆದರಿದ್ದ ಕಾಲ ಅದು. ಅದನ್ನ ಸರಿಮಾಡೋಕೆ ನಮ್ಮ ಬೆಂಗಳೂರಿನ ಕಂಪನಿ ನನ್ನನ್ನ ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆಗೆ, ಒಂದು ವಿಮಾ ಕಂಪನಿಗೆ ಕಳಿಸಿತ್ತು. ಮದುವೆಯಾಗಿ ನಾಲ್ಕೇ ತಿಂಗಳು. ಹೆಂಡತಿ ಮಲ್ಲೇಶ್ವರದಲ್ಲಿ, ನಾನು ಇಲ್ಲಿ.

ಒಂದು ದಿನ ನಮ್ಮ ಎಂ.ಡಿ. ಫೋನ್ ಮಾಡಿದರು. "ಆ ದೇಶದ್ದೊಂದು ಪ್ರೊಫೈಲ್ ಬರೆದು ಫ್ಯಾಕ್ಸ್ ಮಾಡ್ರೀ. ಚೆನ್ನಾಗಿದ್ರೆ ಅಲ್ಲೇ ಆಫೀಸ್ ತೆಗೆಯೋಣ, ನಿಮ್ಮ ಮಿಸೆಸ್ಸನ್ನೂ ಕರೆಸ್ಕೊಳ್ಳಿ. ಇಲ್ಲಾಂದ್ರೆ ಮೂರು ತಿಂಗಳಿಗೆ ವಾಪಸ್ ಬಂದ್ಬಿಡಿ."

ಜನ್ಮದಲ್ಲಿ ಯಾವ ಪರೀಕ್ಷೆಗೂ ಅಷ್ಟು ಶ್ರದ್ಧೆಯಿಂದ ಬರೆದಿರಲಿಲ್ಲ.

೧. ಎತ್ತರ

ಸಮುದ್ರಮಟ್ಟದಿಂದ ಎತ್ತರ ಅನ್ನೋ ಕಡೆ ಮೈನಸ್ ಹಾಕಿದ್ದೆ. ಮಾರನೆಯ ದಿನವೇ ಫೋನು.

"ಮೈನಸ್ ತಪ್ಪಿ ಬಿದ್ದಿದೆ, ತೆಗೀರಿ."

"ಇಲ್ಲ ಸಾರ್, ನಿಜವಾಗ್ಲೂ ಸಮುದ್ರಕ್ಕಿಂತ ಕೆಳಗಿದೆ. ಕಟ್ಟೆ ಕಟ್ಟಿ, ನೀರನ್ನ ಪಂಪ್ ಮಾಡಿ ಆಚೆ ಹಾಕ್ತಾನೇ ಇರ್ತಾರೆ."

"ದಿನಾಲೂ?"

"ದಿನಾಲೂ ಸಾರ್."

ಎಂ.ಡಿ. ಕೇಳಿದರು, "ಕರೆಂಟ್ ಹೋದ್ರೆ?"

೨. ರಫ್ತು

ಹೂವು, ಚೀಸು, ಹಾಲಿನ ಪುಡಿ, ಆಲೂಗಡ್ಡೆ, ಟೊಮೆಟೊ, ಈರುಳ್ಳಿ ಅಂತ ಉದ್ದಕ್ಕೆ ಪಟ್ಟಿ ಮಾಡಿದ್ದೆ. ದೊಡ್ಡ ಬಂದರು, ಬ್ಯಾಂಕು, ಕಾರ್ಖಾನೆಗಳೆಲ್ಲ ಎರಡನೆಯ ಹಾಳೆಯಲ್ಲಿದ್ದವು. ಹಾಳಾದ ಫ್ಯಾಕ್ಸು, ಮೊದಲನೆಯ ಹಾಳೆ ಮಾತ್ರ ಹೋಗಿದೆ.

"ಏನ್ರೀ ಇದು, ನಾನು ಕೇಳಿದ್ದು ದೇಶದ ವಿವರ," ಅಂದರು ಎಂ.ಡಿ. "ನೀವು ಕೆ.ಆರ್. ಮಾರ್ಕೆಟ್ಟಿನ ವಿವರ ಕಳಿಸಿದ್ದೀರಿ."

೩. ಜೀವನಮಟ್ಟ

ಈ ಜನ ಸಂಜೆ ದೀಪ ಹಾಕಿದ ಮೇಲೂ ಕಿಟಕಿಗೆ ಪರದೆ ಎಳೆಯೋದಿಲ್ಲ. ನನಗೂ ಅದೇ ಬೇಕಾಗಿತ್ತು. ಪುಟ್ಟ ನೋಟ್‌ಬುಕ್ ಹಿಡಿದು ಬೀದಿಯುದ್ದಕ್ಕೂ ನಡೆದೆ. ಒಂದನೇ ಮನೆ, ಟಿವಿ, ಪಿಯಾನೋ. ಎರಡನೇ ಮನೆ, ಟಿವಿ, ಬೆಕ್ಕು. ಮೂರನೇ ಮನೆಯ ಅಜ್ಜಿ ಬಾಗಿಲು ತೆಗೆದು ಸೀದಾ ನನ್ನೆದುರು ಬಂದು ನಿಂತರು. "ಏನು ಬರೀತಿದ್ದೀಯ?"

ಪೊಲೀಸರು ಬಂದರೆ ವೀಸಾ ಗತಿಯೇನು? ಹೆಂಡತಿ, ಆಫೀಸು, ಎಂ.ಡಿ. ಎಲ್ಲಾನೂ ಒಂದೇ ಉಸಿರಿಗೆ ಒದರಿಬಿಟ್ಟೆ. ಅಜ್ಜಿ ನೋಟ್‌ಬುಕ್ ಇಸ್ಕೊಂಡು, ಕನ್ನಡಕ ಏರಿಸಿ ನೋಡಿದರು. ಅರ್ಥವಾಗಲಿಲ್ಲ, ಕನ್ನಡದಲ್ಲಿತ್ತು. ಇಂಗ್ಲಿಷಿನಲ್ಲಿ ಓದಿ ಹೇಳಿದೆ.

"ಇದು ಸರಿಯಿಲ್ಲ," ಅಂದರು. "ಬರೀ ಮುಂದಿನ ಕೋಣೆ ನೋಡಿ ಬರೆದಿದ್ದೀಯ. ಒಳಗೆ ಬಾ, ವಾಷಿಂಗ್ ಮೆಷಿನ್ ಹಿಂದುಗಡೆ ಇದೆ."

೪. ಸ್ಥಳ ಪರಿಶೀಲನೆ

ಕೊನೆಗೆ ಕಣ್ಣಾರೆ ನೋಡಬೇಕು ಅಂತ ಎಂ.ಡಿ. ಅವರೇ ಬಂದರು, ಹೊಸ ಸೂಟು ಹೊಲಿಸಿಕೊಂಡು. ವಿಮಾ ಕಂಪನಿಯ ಡೈರೆಕ್ಟರು ಪ್ಯಾಂಟಿನ ಒಂದು ಕಾಲನ್ನ ಕಾಲುಚೀಲದೊಳಗೆ ತುರುಕಿಕೊಂಡು ಸೈಕಲ್ಲಿಂದ ಇಳಿದರು. ಎಂ.ಡಿ. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮಧ್ಯಾಹ್ನವಾಯಿತು. ಭಾರಿ ಊಟ ಇರುತ್ತೆ ಅಂತ ಎಂ.ಡಿ. ಬೆಳಗ್ಗೆ ತಿಂಡಿಯನ್ನೂ ತಿಂದಿರಲಿಲ್ಲ. ಡೈರೆಕ್ಟರು ಬ್ಯಾಗಿನಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದರು. ಮನೆಯಿಂದ ತಂದ ಬ್ರೆಡ್ಡು, ಮಧ್ಯೆ ಒಂದೊಂದು ಬಿಲ್ಲೆ ಚೀಸು. ಅತಿಥಿಗಳು ಅಂತ ನಮಗೂ ಎರಡೆರಡು ತಂದಿದ್ದರು. ಜೊತೆಗೆ ಒಂದು ಲೋಟ ಮಜ್ಜಿಗೆ, ಉಪ್ಪಿಲ್ಲ, ಇಂಗಿಲ್ಲ, ಒಗ್ಗರಣೆಯಿಲ್ಲ. ಮುಗೀತು ಕಥೆ, ಆಫೀಸೂ ಹೋಯ್ತು, ಸಂಸಾರವೂ ಹೋಯ್ತು ಅಂದುಕೊಂಡೆ. ಅವತ್ತು ನಿಜವಾಗ್ಲೂ ಅಳು ಬಂದಿತ್ತು.

ಎಂ.ಡಿ. ಜೊತೆ ಮೆಟ್ರೋ ಸ್ಟೇಷನ್ನಿಗೆ ಬಂದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳಿದರು, "ಇವರು ಶ್ರೀಮಂತರಾಗಿದ್ದು ಹೇಗೆ ಅಂತ ಈಗ ಗೊತ್ತಾಯ್ತು ಕಣ್ರೀ. ಆಫೀಸ್ ತೆಗೆಯೋಣ. ಮಿಸೆಸ್ಸನ್ನ ಕರೆಸ್ಕೊಳ್ಳಿ."

ಕಾಲಿಗೆ ಬೀಳೋಣ ಅನ್ನಿಸಿತು. ಬಗ್ಗುವಷ್ಟರಲ್ಲಿ ಮುಂದುವರಿಸಿದರು, "ನಿಮ್ಮ ಊಟದ ಭತ್ಯೆ ಮುಂದಿನ ತಿಂಗಳಿಂದ ಬಂದ್. ಡೈರೆಕ್ಟರೇ ಮನೆಯಿಂದ ತರ್ತಾರೆ, ನಿಮಗೇನ್ರೀ ಧಾಡಿ?"

ಅವತ್ತೇ ಹೆಂಡತಿಗೆ ಫೋನ್ ಮಾಡಿ ಒಳ್ಳೆ ಸುದ್ದಿ ಮೊದಲು ಹೇಳಿದೆ, ಭತ್ಯೆ ಸುದ್ದಿ ಮೆಲ್ಲಗೆ ಆಮೇಲೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ರೀ," ಅಂದಳು, "ನಿಮಗೆ ಡಬ್ಬಿ ಕಟ್ಟೋಕೆ ನಾನು ವಿಮಾನ ಹತ್ತಿ ಬರಬೇಕು ಅನ್ನಿ."